ಕಣ, ಅಂಕಣ, ಮ್ಯಾಟು: ನಮ್ಮೂರ ಆಟದ ನೆಲದ ಕತೆ

ಚುನಾವಣೆ ಬಂತೆಂದರೆ ‘ಕಣಕ್ಕಿಳಿದರು’, ‘ಕಣ ರಂಗೇರಿತು’, ‘ಕಣದಿಂದ ಹಿಂದೆ ಸರಿದರು’ ಎಂದು ಬರೆಯುತ್ತೇವೆ. ಕಬಡ್ಡಿ ವರದಿ ಮಾಡುವಾಗ ‘ಅಂಕಣ’ ಎನ್ನುತ್ತೇವೆ. ಎರಡೂ ಪದಗಳು ಆಟದ ಪುಸ್ತಕದಿಂದ ಬಂದವಲ್ಲ. ಕಣ ರೈತನದು. ರಾಗಿ ಬಡಿಯುವ, ಭತ್ತ ತುಳಿಸುವ ಜಾಗ ಅದು. ಅಂಕಣ ಬಡಗಿಯದು. ಎರಡು ಕಂಬಗಳ ನಡುವಿನ ಜಾಗಕ್ಕೆ ಆ ಹೆಸರು. ಮನೆಯ ಅಳತೆಯನ್ನು ಇಷ್ಟಂಕಣದ ಮನೆ ಎಂದು ಹೇಳುವವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.

ನೆಲ ಮಾಡುವವರ ಬಾಯಿಂದ ಬಂದ ಪದಗಳನ್ನು ಆಟದವರು ಎರವಲು ಪಡೆದರು. ಇದಕ್ಕೆ ಕಾರಣ ಸರಳ. ಆಡುವ ನೆಲವನ್ನು ಊರಿನವರೇ, ಊರಿನಲ್ಲಿ ಸಿಗುವ ಸಾಮಾನಿನಿಂದಲೇ ಮಾಡುತ್ತಿದ್ದರು. ಈಗ ನೆಲ ಟೆಂಪೊದಲ್ಲಿ ಬರುತ್ತದೆ, ರಾತ್ರಿಯೆಲ್ಲ ಆಟ ಮುಗಿದ ಮೇಲೆ ಬೆಳಿಗ್ಗೆ ಅದೇ ಟೆಂಪೊದಲ್ಲಿ ಹೋಗುತ್ತದೆ. ಈ ನಡುವೆ ಏನಾಯಿತು, ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ, ಮಂಡ್ಯ, ಮದ್ದೂರು, ಮಳವಳ್ಳಿಯ ಮಕ್ಕಳಿಗೆ ತಮ್ಮದೇ ಒಂದು ನೆಲ ಬೇಕಾದರೆ ದಾರಿ ಇದೆಯೇ ಎಂದು ನೋಡುವುದು ಈ ಬರಹದ ಕೆಲಸ. ನಮ್ಮ ಬಳಗದಲ್ಲಿ ಕೆಲವರು ಕಬಡ್ಡಿ ಆಡಿದವರು, ಉಳಿದವರು ಗೆರೆಯಾಚೆ ನಿಂತು ಗಂಟಲು ಹರಿದುಕೊಂಡವರು. ಹಾಗಾಗಿ ಈ ಪ್ರಶ್ನೆ ನಮ್ಮದೂ ಹೌದು.

ಸುಗ್ಗಿ ಮುಗಿದ ಮೇಲಿನ ಕಣ

ಕಣ ಮಾಡುವುದು ಒಂದು ದಿನದ ಕೆಲಸವಾಗಿರಲಿಲ್ಲ. ರಾಗಿ ಕೊಯ್ಲಿನ ಹೊತ್ತಿಗೆ ಊರ ಮಗ್ಗುಲಲ್ಲಿ ನೀರು ನಿಲ್ಲದ, ಗಾಳಿ ಆಡುವ ಜಾಗ ನೋಡಿ ಹುಲ್ಲು ಕೆತ್ತುತ್ತಿದ್ದರು. ಕಲ್ಲು ಆಯ್ದು, ತಗ್ಗಿಗೆ ಮಣ್ಣು ತುಂಬಿ, ನೀರು ಚೆಲ್ಲಿ ಒಂದೆರಡು ದಿನ ನೆನೆಯಲು ಬಿಡುತ್ತಿದ್ದರು. ಹದಕ್ಕೆ ಬಂದ ಮೇಲೆ ಎತ್ತು ಕಟ್ಟಿ ಗುಂಡು ಎಳೆಸುತ್ತಿದ್ದರು. ಮಣ್ಣು ಗುಂಡಿಗೆ ಅಂಟದಿರಲೆಂದು ಮೇಲೆ ಹೊಟ್ಟು ಎರಚುತ್ತಿದ್ದರು. ಕೊನೆಗೆ ಸಗಣಿ ಬಗ್ಗಡ ಹಾಕಿ ಸಾರಿಸಿದರೆ ನೆಲ ಬಿರುಕಿಲ್ಲದೆ ಒಣಗುತ್ತಿತ್ತು. ಕಾಳಿನಲ್ಲಿ ಮಣ್ಣು ಸೇರಬಾರದು ಎಂಬುದಷ್ಟೇ ಇದರ ಉದ್ದೇಶ. ಆದರೆ ಹಾಗೆ ಸಿದ್ಧವಾದ ನೆಲದಲ್ಲಿ ಆಟಕ್ಕೆ ಬೇಕಾದ ಗುಣಗಳೆಲ್ಲ ಇದ್ದವು. ಅದು ಸಮತಟ್ಟು, ಧೂಳು ಕಡಿಮೆ, ಬರಿಗಾಲಿಗೆ ಹಿಡಿತ ಸಿಗುವಷ್ಟು ಒರಟು, ಬಿದ್ದರೆ ಸಿಮೆಂಟಿನಂತೆ ಮೂಳೆಗೆ ಬಡಿಯದಷ್ಟು ಮೆದು.

ಸಂಕ್ರಾಂತಿ ಕಳೆದು ಕಾಳು ಮನೆ ಸೇರಿದ ಮೇಲೆ ಕಣ ಖಾಲಿ. ನಡುವಿನ ಮೇಟಿ ಕಂಬ ಕಿತ್ತು ಗುಳಿಗೆ ಮಣ್ಣು ತುಂಬಿ, ಬೂದಿಯಲ್ಲಿ ಗೆರೆ ಎಳೆದರೆ ಹುಡುಗರ ಅಂಕಣ ಸಿದ್ಧ. ಚಡುಗುಡು ಎಂದಾದರೂ ಕರೆಯಿರಿ, ಕಬಡ್ಡಿ ಎಂದಾದರೂ ಕರೆಯಿರಿ, ಬಯಲುಸೀಮೆಯ ಈ ಆಟಕ್ಕೆ ಸುಗ್ಗಿಯ ನಂತರದ ತಿಂಗಳುಗಳೇ ಕಾಲವಾಗಿದ್ದವು. ಕೈಯಲ್ಲಿ ಕೆಲಸ ಕಡಿಮೆ, ಹೊಟ್ಟೆಗೆ ರಾಗಿ ಇದೆ, ನೆಲ ಹಸನಾಗಿದೆ.

ಕಣವನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಅದು ಎಲ್ಲರದೂ ಆಗಿರಲಿಲ್ಲ. ಜಮೀನು ಇದ್ದವನಿಗೆ ಕಣ ಇತ್ತು. ಬಡಗಿ, ಕಮ್ಮಾರ, ಅಗಸ, ಕ್ಷೌರಿಕ, ತೋಟಿ, ನೀರುಗಂಟಿ ಇವರೆಲ್ಲ ವರ್ಷದ ದುಡಿಮೆಗೆ ಆಯ ಪಡೆಯಲು ಕಣದ ಅಂಚಿಗೆ ಬಂದು ಕಾಯಬೇಕಿತ್ತು. ರಾಶಿಯಿಂದ ಅಳೆದು ಕೊಟ್ಟದ್ದನ್ನು ತೆಗೆದುಕೊಂಡು ಹೋಗಬೇಕಿತ್ತು. ಕೇರಿಯ ಹುಡುಗರು ಯಾರ ಕಣದಲ್ಲಿ ಆಡಬಹುದು, ಯಾರನ್ನು ಮುಟ್ಟಿ ಔಟು ಮಾಡಬಹುದು ಎಂಬುದೂ ಕಣದ ಒಡೆಯನ ಮರ್ಜಿ. ಮುಟ್ಟುವುದೇ ಆಟದ ಜೀವವಾಗಿರುವ ಕಬಡ್ಡಿಯಲ್ಲಿ ಇದು ಸಣ್ಣ ವಿಷಯವಲ್ಲ. ಇನ್ನು ಹೆಣ್ಣುಮಕ್ಕಳಿಗೆ ಕಣ ಎಂದರೆ ತೂರುವ, ಕೇರುವ, ಸಾರಿಸುವ ಜಾಗ. ಆಟಕ್ಕೆ ನೆಲ ಸಿದ್ಧ ಮಾಡಿಕೊಟ್ಟವರು ಹೆಚ್ಚಾಗಿ ಅವರೇ, ಅದರ ಮೇಲೆ ಆಡಿದವರು ಅವರ ಅಣ್ಣತಮ್ಮಂದಿರು.

ಗರಡಿಯ ಮಟ್ಟಿ

ಕಣ ಋತುವಿನ ನೆಲವಾದರೆ ಗರಡಿ ಮನೆಯ ಮಟ್ಟಿ ವರ್ಷವಿಡೀ ಇರುವ ನೆಲ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಆ ದಸರೆಯ ಜೊತೆಗೆ ಬೆಳೆದ ಕುಸ್ತಿಯ ಪರಂಪರೆ ಮೈಸೂರು ಸೀಮೆಯ ಊರೂರಿಗೆ ಹಬ್ಬಿತು. ಮಂಡ್ಯ ಜಿಲ್ಲೆ ಮೈಸೂರಿನಿಂದ ಬೇರೆಯಾದದ್ದು 1939ರಲ್ಲಿ. ಆದರೆ ಜಿಲ್ಲೆಯ ಗೆರೆ ಗರಡಿಗೆ ತಾಗಲಿಲ್ಲ. ಜಾತ್ರೆ ಕುಸ್ತಿಗೆ ಎರಡೂ ಕಡೆಯ ಪೈಲ್ವಾನರು ಬರುತ್ತಾರೆ, ಇಂದಿಗೂ ಜೋಡಿ ಕಟ್ಟುತ್ತಾರೆ.

ಮಟ್ಟಿ ಎಂದರೆ ಕೆಮ್ಮಣ್ಣಿನ ಹಾಸು. ಮಣ್ಣನ್ನು ಜರಡಿ ಹಿಡಿದು ಕಲ್ಲು ತೆಗೆದು, ಎಣ್ಣೆ, ಮಜ್ಜಿಗೆ, ಅರಿಸಿನದಂಥವನ್ನು ಬೆರೆಸಿ ಹದ ಮಾಡುತ್ತಾರೆ. ಅರಿಸಿನ ತರಚು ಗಾಯಕ್ಕೆ ಒಳ್ಳೆಯದು, ಎಣ್ಣೆ ಮಣ್ಣು ಹಾರದಂತೆ ಹಿಡಿಯುತ್ತದೆ. ಇದನ್ನು ಒಮ್ಮೆ ಮಾಡಿಟ್ಟು ಮರೆಯುವಂತಿಲ್ಲ. ದಿನವೂ ಗುದ್ದಲಿಯಿಂದ ಅಗೆದು ಮೇಲುಕೆಳಗು ಮಾಡಬೇಕು, ಇಲ್ಲದಿದ್ದರೆ ಗಟ್ಟಿಯಾಗುತ್ತದೆ. ಹೊಸಬ ಗರಡಿಗೆ ಸೇರಿದರೆ ಮೊದಲು ಕಲಿಯುವ ಪಾಠಗಳಲ್ಲಿ ಮಟ್ಟಿ ಅಗೆಯುವುದೂ ಒಂದು. ಅದೇ ತೋಳಿಗೆ, ಸೊಂಟಕ್ಕೆ ಕಸರತ್ತು. ನೆಲ ನೋಡಿಕೊಳ್ಳುವುದು ತಾಲೀಮಿನ ಭಾಗವಾಗಿತ್ತು ಎನ್ನುವುದನ್ನು ಗಮನಿಸಿ.

ಇಲ್ಲಿಯೂ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಗರಡಿಯೊಳಗೆ ಹೆಂಗಸರಿಗೆ ಪ್ರವೇಶವಿಲ್ಲ ಎಂಬ ಕಟ್ಟಳೆ ತೀರಾ ಇತ್ತೀಚಿನವರೆಗೂ ಗಟ್ಟಿಯಾಗಿತ್ತು.

ಕಣ ಎಲ್ಲಿ ಹೋಯಿತು?

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. 1930ರ ದಶಕದಲ್ಲಿ ನಾಲೆಯ ನೀರು ಮಂಡ್ಯದ ಹೊಲಗಳಿಗೆ ಹರಿಯಿತು. ಆಗ ಅದಕ್ಕೆ ಇರ್ವಿನ್ ನಾಲೆ ಎಂಬ ಹೆಸರಿತ್ತು, ನಂತರ ವಿಶ್ವೇಶ್ವರಯ್ಯ ನಾಲೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಮಳೆ ನಂಬಿದ ರಾಗಿ ಹೊಲ ಗದ್ದೆಯಾಯಿತು, ಕಬ್ಬಿನ ತೋಟವಾಯಿತು. ನಾಲೆಯ ಕೊನೆ ಭಾಗದ ಮಳವಳ್ಳಿಯ ಹಳ್ಳಿಗಳಿಗೆ, ಹಲಗೂರು ಕಡೆಯ ಬೆದ್ದಲಿಗೆ ಅಷ್ಟು ನೀರು ಮುಟ್ಟಲಿಲ್ಲ. ಅಲ್ಲಿ ರಾಗಿ ಉಳಿಯಿತು, ಅದರೊಂದಿಗೆ ಕಣವೂ ಹೆಚ್ಚು ಕಾಲ ಉಳಿಯಿತು.

ಕಬ್ಬಿಗೆ ಕಣ ಬೇಡ. ಅದು ಹೆಚ್ಚುಕಡಿಮೆ ವರ್ಷವಿಡೀ ನೆಲ ಹಿಡಿದು ನಿಲ್ಲುತ್ತದೆ, ಕಡಿದರೆ ನೇರ ಗಾಡಿಗೆ, ಲಾರಿಗೆ. ಸುಗ್ಗಿ ಮುಗಿದು ಹೊಲ ಬಯಲಾಗುವ ತಿಂಗಳುಗಳೇ ಇಲ್ಲವಾದವು. ನೀರಾವರಿ ಜಮೀನಿಗೆ ಬೆಲೆ ಬಂದ ಮೇಲೆ ವರ್ಷಕ್ಕೆ ಎರಡು ತಿಂಗಳ ಕೆಲಸಕ್ಕೆಂದು ಜಾಗ ಖಾಲಿ ಬಿಡಲು ಯಾರೂ ಸಿದ್ಧರಿರಲಿಲ್ಲ. ಆಮೇಲೆ ಟ್ರ್ಯಾಕ್ಟರು, ಅದರ ಹಿಂದೆ ಭತ್ತ ಕೊಯ್ದು ಅಲ್ಲೇ ಕಾಳು ಬಿಡಿಸುವ ಯಂತ್ರ. ಎತ್ತು ಕಡಿಮೆಯಾದ ಹಾಗೆ ಗುಂಡು ಎಳೆಯುವವರಿಲ್ಲ, ಸಗಣಿಯೂ ಕಡಿಮೆ. ಈಗ ಹುರುಳಿ, ರಾಗಿ ಬಡಿಯಲು ನಮ್ಮ ಜನ ಹುಡುಕಿಕೊಂಡಿರುವ ಕಣ ಡಾಂಬರು ರಸ್ತೆ. ಪೊಲೀಸರು ಬೈಯುತ್ತಾರೆ, ಬೈಕುಗಳು ಜಾರಿ ಬೀಳುತ್ತವೆ, ಆದರೂ ಪ್ರತಿ ವರ್ಷ ರಸ್ತೆಯ ಮೇಲೆ ಹುಲ್ಲು ಹರಡುತ್ತದೆ. ಬಸ್ಸು, ಲಾರಿಯ ಚಕ್ರಗಳೇ ಗುಂಡಿನ ಕೆಲಸ ಮಾಡುತ್ತವೆ. ಆ ಕಣದಲ್ಲಿ ಆಡಲು ಮಾತ್ರ ಆಗುವುದಿಲ್ಲ.

ಹೀಗೆ ಕಣ ಹೋದದ್ದು ಆಟವನ್ನು ಯಾರೋ ನಿಲ್ಲಿಸಿದ್ದರಿಂದಲ್ಲ. ಬೇಸಾಯ ಬದಲಾಯಿತು, ಬೇಸಾಯದ ನೆರಳಿನಲ್ಲಿ ಬಿಟ್ಟಿ ಸಿಗುತ್ತಿದ್ದ ಆಟದ ನೆಲ ಕೈಬಿಟ್ಟಿತು. ಉಳಿದದ್ದು ಶಾಲೆಯ ಮೈದಾನ. ಅಲ್ಲಿಯೂ ಎಷ್ಟೋ ಕಡೆ ಅಂಗಳಕ್ಕೆ ಸಿಮೆಂಟು ಬಂತು.

ಮರದ ನೆಲ ಬಂದ ದಾರಿ

ನಮ್ಮಲ್ಲಿ ಮಣ್ಣಿನ ಮೇಲೆ ಆಟ ಬೆಳೆಯುತ್ತಿದ್ದಾಗ ಬೇರೆಡೆ ಮರದ ಮೇಲೆ ಬೆಳೆಯಿತು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಹುಟ್ಟುಹಾಕಿದ. ಹೊರಗೆ ಚಳಿ, ಹುಡುಗರನ್ನು ಒಳಗೇ ಆಡಿಸಬೇಕು. ಒಳಗಿದ್ದದ್ದು ಮರದ ನೆಲದ ವ್ಯಾಯಾಮ ಶಾಲೆ. ಹಾಗಾಗಿ ಚೆಂಡು ಪುಟಿಸುವ ಆ ಆಟಕ್ಕೆ ಮರದ ನೆಲವೇ ತವರಾಯಿತು. ಅದೇ ವೈಎಂಸಿಎ ಬಳಗದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ತೆರೆದರು. ಅಂಥ ಕಾಲೇಜುಗಳಲ್ಲಿ ತರಬೇತಾದ ಡ್ರಿಲ್ ಮೇಷ್ಟ್ರುಗಳ ಮೂಲಕ ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ನಮ್ಮ ಶಾಲೆಗಳಿಗೂ ಬಂದವು. ಆಟ ಬಂತು, ಅದರ ನೆಲ ಬರಲಿಲ್ಲ. ನಮ್ಮ ಹೈಸ್ಕೂಲುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬ ಇದ್ದರೆ ಅದು ಮಣ್ಣಿನಲ್ಲೋ ಸಿಮೆಂಟಿನಲ್ಲೋ ನಿಂತಿರುತ್ತದೆ.

ಒಂದು ನೆಲದಲ್ಲಿ ಕಲಿತು ಇನ್ನೊಂದು ನೆಲದಲ್ಲಿ ಪರೀಕ್ಷೆ ಬರೆಯುವ ಕಷ್ಟವನ್ನು ದೇಶಕ್ಕೆ ಮೊದಲು ತೋರಿಸಿದವರಲ್ಲಿ ಸಾತಾರ ಜಿಲ್ಲೆಯ ಗೋಳೇಶ್ವರದ ಹಳ್ಳಿಗ ಖಾಶಾಬಾ ಜಾಧವ್ ಒಬ್ಬರು. ಮಣ್ಣಿನ ಕುಸ್ತಿಯಲ್ಲಿ ಬೆಳೆದ ಅವರು 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟ್ ಅವರಿಗೆ ಹೊಸದು. ಆರನೆಯ ಸ್ಥಾನ ಬಂತು. ನಾಲ್ಕು ವರ್ಷ ತಯಾರಾಗಿ 1952ರಲ್ಲಿ ಹೆಲ್ಸಿಂಕಿಗೆ ಹೋದರು, ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ತಂದ ಮೊದಲ ಒಲಿಂಪಿಕ್ ಪದಕ ಅದು. ಆ ನಾಲ್ಕು ವರ್ಷಗಳಲ್ಲಿ ತೋಳಿನ ಶಕ್ತಿಯ ಜೊತೆಗೆ ನೆಲದ ಅಭ್ಯಾಸವೂ ಬದಲಾಗಬೇಕಿತ್ತು. ಮೈಸೂರು ದಸರಾದಲ್ಲಿ ಮಟ್ಟಿಯ ಮೇಲೆ ‘ನಾಡಕುಸ್ತಿ’, ಮ್ಯಾಟಿನ ಮೇಲೆ ‘ಪಾಯಿಂಟ್ ಕುಸ್ತಿ’ ಎಂದು ಇಂದಿಗೂ ಎರಡು ಬಗೆ ಇರುವುದು ಇದೇ ಸೀಳಿನ ಗುರುತು.

ಕನ್ನಡ ನಾಡಿನ ಇನ್ನೊಂದು ಕತೆ ಇದಕ್ಕಿಂತ ಹತ್ತಿರದ್ದು. ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದವರು. ಅವರು ಷಟಲ್ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಗೆ ಬಾಡಿಗೆ ಕೊಡುವ ಹಾಲ್. ಮದುವೆ ಇದ್ದ ದಿನ ಆಟವಿಲ್ಲ, ಅಡ್ಡಪಲ್ಲಕ್ಕಿ ಹೋದ ಮೇಲೆ ಮತ್ತೆ ಬಲೆ ಕಟ್ಟಬೇಕು. ಜಗತ್ತು ಗೆದ್ದ ಆಟಗಾರನಿಗೂ ನಾಡಿನ ರಾಜಧಾನಿಯಲ್ಲಿ ಸ್ವಂತ ನೆಲ ಇರಲಿಲ್ಲ. ಮದ್ದೂರಿನ ಹೆದ್ದಾರಿ ಬದಿಯಲ್ಲಿ, ಮಳವಳ್ಳಿ ಪೇಟೆಯಲ್ಲಿ ಕಲ್ಯಾಣ ಮಂಟಪಗಳನ್ನು ಲೆಕ್ಕ ಹಾಕಿ ನೋಡಿ. ಮುಹೂರ್ತವಿಲ್ಲದ ತಿಂಗಳುಗಳಲ್ಲಿ ಅವು ಬೀಗ ಹಾಕಿಕೊಂಡು ಕೂತಿರುತ್ತವೆ.

ಟೆಂಪೊದಲ್ಲಿ ಬರುವ ನೆಲ

ಕಬಡ್ಡಿ ಮಣ್ಣು ಬಿಟ್ಟದ್ದು ನಿಧಾನವಾಗಿ. 1936ರ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಪ್ರದರ್ಶನ ನೀಡಿದರು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್ ಹುಟ್ಟಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನ ಪಂದ್ಯ, 1990ರ ಬೀಜಿಂಗ್‌ನಲ್ಲಿ ಪದಕದ ಆಟ. ಅಲ್ಲಿಂದ ಮುಂದೆ ಆಟ ಛಾವಣಿಯ ಕೆಳಗೆ ಸರಿಯಿತು, ಮ್ಯಾಟ್ ನಿಯಮವಾಯಿತು. 2010ರಲ್ಲಿ ಗುವಾಂಗ್‌ಝೌನಲ್ಲಿ ಮಹಿಳಾ ಕಬಡ್ಡಿಯೂ ಸೇರಿತು. ಚಿನ್ನ ಗೆದ್ದ ಆ ತಂಡದಲ್ಲಿ ನಮ್ಮ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು. 2014ರ ಜುಲೈ 26ರಂದು ಪ್ರೊ ಕಬಡ್ಡಿ ಶುರುವಾದ ಮೇಲೆ ಟಿವಿಯಲ್ಲಿ ಕಾಣುವ ಬಣ್ಣದ ಮ್ಯಾಟೇ ಕಬಡ್ಡಿಯ ಮುಖವಾಯಿತು.

ಅಲ್ಲಿಂದೀಚೆಗೆ ನಮ್ಮೂರ ಗೋಡೆಗಳ ಮೇಲಿನ ಪೋಸ್ಟರುಗಳ ಭಾಷೆಯೂ ಬದಲಾಗಿದೆ. ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂಬ ಸಾಲು ಹಳೆಯದು. ಪ್ರವೇಶ ಶುಲ್ಕ, ತೂಕದ ಮಿತಿ, ಆಕರ್ಷಕ ಟ್ರೋಫಿ, ಕೆಲವೆಡೆ ಟಗರು, ಇವೂ ಹಳೆಯವು. ಹೊಸದಾಗಿ ಸೇರಿದ್ದು ‘ಮ್ಯಾಟ್ ಮೇಲೆ’ ಎಂಬ ಎರಡು ಪದ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಮೀಟರ್ ಚೌಕದ, ಹಲ್ಲು ಹಲ್ಲಿಗೆ ಕೂರುವ ತುಂಡುಗಳಲ್ಲಿ ಹಾಸಿದರೆ ಅಂಕಣಕ್ಕೇ 130 ತುಂಡು ಬೇಕು, ಸುತ್ತಲಿನ ಅಂಚು ಬೇರೆ. ಹಳ್ಳಿಯ ಯುವಕರ ಸಂಘ ಇದನ್ನು ಕೊಳ್ಳುವುದು ಅಪರೂಪ, ಬಾಡಿಗೆಗೆ ತರಿಸುತ್ತದೆ. ಹಬ್ಬದ ರಾತ್ರಿ ಹಾಸು, ಬೆಳಗಾದರೆ ಸುತ್ತಿಟ್ಟು ಸಾಗಹಾಕು.

ಮ್ಯಾಟಿನಿಂದ ಒಳ್ಳೆಯದಾಗಿಲ್ಲ ಎಂದು ಹೇಳುವವರು ನಾವಲ್ಲ. ಮೊಣಕೈ ಮೊಣಕಾಲು ಕಿತ್ತು ಹೋಗುವುದು ಕಡಿಮೆಯಾಗಿದೆ. ಮಳೆ ಬಂದರೂ ಛಾವಣಿಯ ಕೆಳಗೆ ಪಂದ್ಯ ನಡೆಯುತ್ತದೆ. ಹೆಣ್ಣುಮಕ್ಕಳ ತಂಡಗಳು ಬಂದಿವೆ. ಬಾಡಿಗೆಯ ಮ್ಯಾಟಿಗೆ ಯಾವ ಕಣದ ಒಡೆಯನ ಅಪ್ಪಣೆಯೂ ಬೇಡ. ಖೊ ಖೊ ಕೂಡ ಮ್ಯಾಟಿಗೆ ಬಂತು. 2025ರ ಜನವರಿಯಲ್ಲಿ ದೆಹಲಿಯ ಒಳಾಂಗಣದಲ್ಲಿ ಮೊದಲ ವಿಶ್ವಕಪ್ ನಡೆದಾಗ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮಳವಳ್ಳಿಯ ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಹುಡುಗಿ ಆ ನೆಲದ ಮೇಲೆ ನಿಲ್ಲಬಲ್ಲಳು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ತೊಂದರೆ ಇರುವುದು ಬಂದು ಹೋಗುವ ನಡುವಿನ ಖಾಲಿ ದಿನಗಳಲ್ಲಿ. ವರ್ಷಕ್ಕೆ ಒಂದೆರಡು ರಾತ್ರಿ ಕಾಣುವ ನೆಲದ ಮೇಲೆ ಕಾಲು ಪಳಗುವುದಿಲ್ಲ. ಮಣ್ಣಿನಲ್ಲಿ ಬರಿಗಾಲು ಸ್ವಲ್ಪ ಜಾರಿ ನಿಲ್ಲುತ್ತದೆ, ಆಟಗಾರ ಆ ಜಾರನ್ನು ಲೆಕ್ಕಕ್ಕೆ ಹಿಡಿದೇ ತಿರುಗುತ್ತಾನೆ. ಮ್ಯಾಟಿನಲ್ಲಿ ಶೂ ತಟ್ಟನೆ ಕಚ್ಚಿಕೊಳ್ಳುತ್ತದೆ. ದೇಹ ತಿರುಗಿ ಪಾದ ತಿರುಗದಿದ್ದರೆ ಮಂಡಿಗೆ ಪೆಟ್ಟು. ಶಾಲೆಯ ಮಣ್ಣಿನಲ್ಲಿ ಆಡಿ ತಾಲ್ಲೂಕು ಗೆದ್ದ ಹುಡುಗ ಅಥವಾ ಹುಡುಗಿ ಮೇಲಿನ ಹಂತದ ಆಯ್ಕೆಗೆ ಹೋದಾಗ ಜೀವನದಲ್ಲಿ ಮೊದಲ ಸಲ ಮ್ಯಾಟ್ ತುಳಿಯುವುದುಂಟು. ಆಯ್ಕೆ ಮಾಡುವವರ ಮುಂದೆ ಇರುವುದು ಕೆಲವೇ ನಿಮಿಷ. ಆ ನಿಮಿಷಗಳು ಶೂ ಮತ್ತು ನೆಲದ ಜೊತೆ ಗುದ್ದಾಡುವುದರಲ್ಲೇ ಮುಗಿಯುತ್ತವೆ. ಆಟ ಗೊತ್ತಿದ್ದೂ ನೆಲ ಗೊತ್ತಿಲ್ಲದೆ ವಾಪಸು ಬರುವ ಮಕ್ಕಳಿಗೆ ಯಾವ ಪಟ್ಟಿಯಲ್ಲೂ ಹೆಸರಿಲ್ಲ. ಕ್ರೀಡಾ ಮೀಸಲಾತಿಯ ಕೆಲಸ, ಹಾಸ್ಟೆಲ್ ಸೀಟು ಇವೆಲ್ಲ ಆ ನಿಮಿಷಗಳಿಗೆ ಕಟ್ಟಿಕೊಂಡಿರುವಾಗ ಇದನ್ನು ಬರೀ ಆಟದ ಮಾತು ಎಂದು ತಳ್ಳುವಂತಿಲ್ಲ.

ನಾಟಕದವರಿಗೆ ಗೊತ್ತಿದ್ದ ಕೆಲಸ

ಬಿಚ್ಚಿ ಜೋಡಿಸುವ ಮರದ ನೆಲ ನಮಗೆ ಹೊಸದೇನೂ ಅಲ್ಲ. ಮಂಡ್ಯ ಜಿಲ್ಲೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಎಷ್ಟೆಂದು ಗೊತ್ತಿರುವವರಿಗೆ ಇದು ಥಟ್ಟನೆ ಹೊಳೆಯಬೇಕು. ‘ಕುರುಕ್ಷೇತ್ರ’ ಆಡುವ ಊರಿಗೆ ಸೀನರಿಯವರ ಗಾಡಿ ಬರುತ್ತದೆ. ಪರದೆ, ಕಂಬ, ದೀಪದ ಜೊತೆ ಅಟ್ಟಣೆಯ ಹಲಗೆಗಳೂ ಇರುತ್ತವೆ. ಡ್ರಮ್ಮುಗಳ ಮೇಲೋ ಕಬ್ಬಿಣದ ಕಾಲುಗಳ ಮೇಲೋ ತೊಲೆ ಕೂರಿಸಿ ಹಲಗೆ ಹಾಸಿದರೆ ಸಂಜೆಯೊಳಗೆ ರಂಗ ಸಿದ್ಧ. ಭೀಮ ಗದೆ ಕುಟ್ಟಿ ಕುಣಿದರೂ, ದುರ್ಯೋಧನನ ಪಾತ್ರಧಾರಿ ತನ್ನ ತೂಕವನ್ನೆಲ್ಲ ಹಾಕಿ ತುಳಿದರೂ ಅದು ತಡೆಯುತ್ತದೆ. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಎಲ್ಲ ಬಿಚ್ಚಿ ಮುಂದಿನ ಊರಿಗೆ. ಊರ ಬಡಗಿ, ಸೀನರಿಯ ಹುಡುಗರು ಇಬ್ಬರಿಗೂ ಈ ಕೆಲಸ ಕರಗತ.

ಆಟದ ನೆಲಕ್ಕೂ ನಾಟಕದ ಅಟ್ಟಣೆಗೂ ಒಂದೇ ವ್ಯತ್ಯಾಸ. ಅಟ್ಟಣೆ ಮುರಿಯದಿದ್ದರೆ ಸಾಕು. ಆಟದ ನೆಲ ಬಗ್ಗಬೇಕು, ಬಗ್ಗಿ ಮತ್ತೆ ಮೇಲೇಳಬೇಕು. ಯುರೋಪಿನ ಒಳಾಂಗಣ ಕ್ರೀಡಾ ನೆಲದ ಮಾನದಂಡ ಎರಡು ಅಳತೆ ಹೇಳುತ್ತದೆ. ಕಾಲಿನ ಹೊಡೆತದಲ್ಲಿ ಕನಿಷ್ಠ 25 ಶೇಕಡಾವನ್ನು ನೆಲವೇ ನುಂಗಬೇಕು. ಕಾಂಕ್ರೀಟಿನ ಮೇಲೆ ಚೆಂಡು ಪುಟಿಯುವ ಎತ್ತರದಲ್ಲಿ ಕನಿಷ್ಠ 90 ಶೇಕಡಾ ಎತ್ತರಕ್ಕೆ ಇಲ್ಲಿಯೂ ಪುಟಿಯಬೇಕು. ಅಂದರೆ ಮೂಳೆಗೆ ಮೆದು, ಚೆಂಡಿಗೆ ಗಟ್ಟಿ. ಮರದ ಹಲಗೆಯ ಕೆಳಗೆ ರಬ್ಬರ್ ಇಟ್ಟಾಗ ಈ ಎರಡೂ ಒಟ್ಟಿಗೆ ಸಿಗುತ್ತವೆ.

ಹಿತ್ತಲಿನಲ್ಲಿ ಒಂದು ದಾಳಿಯ ದಾರಿ

ಇಡೀ ಅಂಕಣವನ್ನು ಹಿತ್ತಲಿಗೆ ತರುವುದು ಆಗದ ಮಾತು. ಆದರೆ ದಾಳಿಗಾರ ನಡೆಯುವ ದಾರಿಯನ್ನು ತರಬಹುದು. ನಡುಗೆರೆಯಿಂದ ಬಾಕ್ ಗೆರೆಗೆ 3.75 ಮೀಟರ್, ಅಲ್ಲಿಂದ ಬೋನಸ್ ಗೆರೆಗೆ ಇನ್ನೊಂದು ಮೀಟರ್, ಕೊನೆಯ ಗೆರೆಗೆ ಒಟ್ಟು 6.5 ಮೀಟರ್. 24 ಅಡಿ ಉದ್ದ, 8 ಅಡಿ ಅಗಲದ ಹಾಸಿನಲ್ಲಿ ಈ ಮೂರೂ ಗೆರೆ ಕೂರುತ್ತವೆ. ನಾಲ್ಕು ಅಡಿ ಚೌಕದ 12 ಹಲಗೆ ಸಾಕು.

ಒಂದೊಂದು ಹಲಗೆಗೆ 12 ಮಿಲಿಮೀಟರಿನ ವಾಟರ್‌ಪ್ರೂಫ್ ಪ್ಲೈವುಡ್ ಎರಡು ಪದರ. 8 ಅಡಿಗೆ 4 ಅಡಿಯ ಶೀಟು ಕತ್ತರಿಸಿದರೆ ಎರಡು ಚೌಕ ಬರುತ್ತದೆ. ಮೇಲಿನ ಪದರಕ್ಕೆ 6, ಕೆಳಗಿನದಕ್ಕೆ 6, ಒಟ್ಟು 12 ಶೀಟು. ಕೆಳಗಿನ ಚೌಕವನ್ನು ಮೇಲಿನದಕ್ಕಿಂತ ಮೂರು ಅಂಗುಲ ಪಕ್ಕಕ್ಕೆ, ಮೂರು ಅಂಗುಲ ಮುಂದಕ್ಕೆ ಸರಿಸಿ ಅಂಟು ಹಾಕಿ ಸ್ಕ್ರೂ ಬಿಗಿಯಬೇಕು. ಆಗ ಎರಡು ಬದಿಯಲ್ಲಿ ತುಟಿಯಂತೆ ಅಂಚು ಹೊರಗೆ ಬರುತ್ತದೆ. ಪಕ್ಕದ ಹಲಗೆ ಆ ತುಟಿಯ ಮೇಲೆ ಬಂದು ಕೂರುತ್ತದೆ. ಮೇಲಿನಿಂದ ಬೋಲ್ಟ್ ಹಾಕಿ ಬಿಗಿದು, ಅದರ ತಲೆ ಮರದ ಮಟ್ಟಕ್ಕಿಂತ ಕೆಳಗೆ ಕೂರುವಂತೆ ಗುಳಿ ಕೊರೆಯಬೇಕು, ಇಲ್ಲದಿದ್ದರೆ ಕಾಲು ಸೀಳುತ್ತದೆ. ಹಲಗೆಯ ನಡುವೆ ತೆಳು ರಟ್ಟಿನಷ್ಟು ಸಂದು ಬಿಡಬೇಕು. ಮಳೆಗಾಲದ ತೇವಕ್ಕೆ ಮರ ಹಿಗ್ಗಿದಾಗ ಒಂದನ್ನೊಂದು ತಳ್ಳಿ ಉಬ್ಬದಿರಲು ಅದು ಬೇಕು. ಹಾಸಿನ ಸುತ್ತ ಇಳಿಜಾರಾಗಿ ಹೆರೆದ ಪಟ್ಟಿ ಇಟ್ಟರೆ ಅಂಚಿಗೆ ಕಾಲು ತಗುಲದು.

ಕೆಳಗಿನ ರಬ್ಬರಿಗೆ ಊರು ಬಿಟ್ಟು ಹೋಗಬೇಕಿಲ್ಲ. ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಹಸುವಿನ ಕಾಲಡಿಗೆ ಹಾಸುವ ಮ್ಯಾಟ್ ಇದೆಯಲ್ಲ, ಹಳೆಯದಾದ ಅದನ್ನೇ ಮೂರಂಗುಲದ ಚೌಕಗಳಾಗಿ ಕೊಯ್ದು ಅಡಿಗೊಂದರಂತೆ ಅಂಟಿಸಬಹುದು. ಪ್ಲೈವುಡ್ಡಿಗೆ ಬಳಸುವ ಹೆಬ್ಬೇವು ನಮ್ಮ ಜಿಲ್ಲೆಯ ಬದುಗಳ ಮೇಲೇ ಬೆಳೆಯುತ್ತಿದೆ. ಹೀಗೆ ಮಾಡಿದ ಒಂದು ಹಲಗೆ ಹೆಚ್ಚುಕಡಿಮೆ 22 ಕೆ.ಜಿ. ತೂಗುತ್ತದೆ, ಇಬ್ಬರು ಎತ್ತಿ ಗೋಡೆಗೆ ಒರಗಿಸಬಹುದು. ಎತ್ತಿಡಲೇಬೇಕು. ಮಳೆಗಿಂತ ಗೆದ್ದಲಿನ ಭಯ ದೊಡ್ಡದು. ನಮ್ಮ ಕೆಮ್ಮಣ್ಣಿನ ಮೇಲೆ ಮರವನ್ನು ತಿಂಗಳುಗಟ್ಟಲೆ ಬಿಟ್ಟರೆ ಉಳಿಯುವುದು ಪುಡಿ.

ಒಂದು ಎಚ್ಚರಿಕೆ. ಇದು ಹೆಜ್ಜೆಯ ಅಭ್ಯಾಸಕ್ಕೆ, ಬೋನಸ್ ಮುಟ್ಟಿ ಹಿಂದಿರುಗುವುದಕ್ಕೆ, ಹಗ್ಗದಾಟಕ್ಕೆ, ಷಟಲಿನ ಕಾಲ್ಚಳಕಕ್ಕೆ. ಹಿಡಿದು ಕೆಡವುವ ಅಭ್ಯಾಸಕ್ಕೆ ಅಲ್ಲ, ಏಕೆಂದರೆ ಎಂಟು ಅಡಿಯ ಅಗಲದಲ್ಲಿ ಅಂಚು ತೀರಾ ಹತ್ತಿರ. ಮರದ ಮೇಲೆ ಒಂದು ಮೀಟರ್ ಚೌಕದ 14 ಮ್ಯಾಟ್ ತುಂಡು ಹಾಸಿದರೆ ಪಂದ್ಯದ ನೆಲದ ಹಿಡಿತ ಪಾದಕ್ಕೆ ಪರಿಚಯವಾಗುತ್ತದೆ. 130 ಕೊಳ್ಳಲಾಗದ ಸಂಘ 14 ಕೊಳ್ಳಬಹುದು. ಮ್ಯಾಟ್ ಇಲ್ಲದೆ ಬರೀ ಮರದ ಮೇಲೆ ಆಡುವುದಾದರೆ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಮರದ ಮೇಲೆ ಕೂತ ಧೂಳು ಎಣ್ಣೆಯಷ್ಟೇ ಜಾರುತ್ತದೆ.

ಇಷ್ಟೆಲ್ಲ ಮಾಡಿದರೂ ಮೊದಲ ಕೆಲಸ ಒಂದು ಉಳಿಯುತ್ತದೆ. ಕೆಳಗಿನ ಮಣ್ಣು ಸಮವಾಗಿಲ್ಲದಿದ್ದರೆ ಒಂದು ರಬ್ಬರ್ ನೆಲ ಮುಟ್ಟುತ್ತದೆ, ಇನ್ನೊಂದು ಗಾಳಿಯಲ್ಲಿ ತೂಗುತ್ತದೆ, ಕಾಲಿಟ್ಟಲ್ಲೆಲ್ಲ ಹಲಗೆ ಪಟಪಟ ಬಡಿಯುತ್ತದೆ. ಅದಕ್ಕೆ ಹುಲ್ಲು ಕೆತ್ತಿ, ಕಲ್ಲು ಆಯ್ದು, ನೀರು ಹಾಕಿ, ಗುಂಡು ಎಳೆದು ಒಣಗಿಸಬೇಕು. ಎಂದರೆ ಮರದ ಹಾಸಿನ ಕೆಳಗೆ ಮೊದಲು ಒಂದು ಕಣ ಮಾಡಬೇಕು. ಆ ವಿದ್ಯೆ ಬಲ್ಲ ಅಜ್ಜಂದಿರು, ಸಾರಿಸಲು ಬಲ್ಲ ಅಜ್ಜಿಯರು ಇನ್ನೂ ನಮ್ಮ ಹಟ್ಟಿಗಳಲ್ಲಿದ್ದಾರೆ. ಅವರಿರುವಾಗಲೇ ಕೇಳಿ ಕಲಿಯುವುದು ಒಳ್ಳೆಯದು.

ಯಾರ ಹಿತ್ತಲು?

ಹಿತ್ತಲು ಎಂದೊಡನೆ ಹಳೆಯ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ಹಿತ್ತಲು ಎಲ್ಲರಿಗೂ ಇಲ್ಲ. ಜನತಾ ಮನೆಗಳ ಸಾಲಿನಲ್ಲಿ ಗೋಡೆಗೆ ಗೋಡೆ ಅಂಟಿದೆ. 24 ಅಡಿ ಉದ್ದದ ಖಾಲಿ ಜಾಗ ಇರುವುದು ಮತ್ತೆ ಜಮೀನು ಇರುವವರ ಮನೆಯಲ್ಲೇ. ಒಬ್ಬರ ಹಿತ್ತಲಿನಲ್ಲಿ ಇಟ್ಟ ನೆಲ ಕಣದ ಹಾಗೆಯೇ ಒಡೆಯನ ಅಪ್ಪಣೆಯ ನೆಲವಾಗಬಹುದು.

ಬಿಚ್ಚುವ ನೆಲಕ್ಕಿರುವ ದೊಡ್ಡ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು ಒಂದು ಜಾಗಕ್ಕೆ ಅಂಟಿಕೊಂಡಿಲ್ಲ. 12 ಹಲಗೆಗಳನ್ನು ಸರ್ಕಾರಿ ಶಾಲೆಯ ಒಂದು ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟರೆ ಬೆಳಿಗ್ಗೆ ಹೆಣ್ಣುಮಕ್ಕಳು, ಸಂಜೆ ಗಂಡುಮಕ್ಕಳು ಹಾಸಿಕೊಳ್ಳಬಹುದು. ಊರಿನ ಪಂದ್ಯಾವಳಿಯ ಲೆಕ್ಕದಲ್ಲಿ ಟ್ರೋಫಿ, ಶಾಮಿಯಾನ, ಧ್ವನಿವರ್ಧಕ, ಮ್ಯಾಟ್ ಬಾಡಿಗೆ ಎಂದು ಸಾಲು ಸಾಲು ಇರುತ್ತದೆ. ಅದರಲ್ಲಿ ‘ನೆಲ’ ಎಂದು ಇನ್ನೊಂದು ಸಾಲು ಸೇರಿಸಿ, ವರ್ಷಕ್ಕೆ ನಾಲ್ಕು ಹಲಗೆ ಮಾಡಿಸಿದರೂ ಮೂರನೆಯ ಹಬ್ಬಕ್ಕೆ ಹಾಸು ಪೂರ್ತಿಯಾಗುತ್ತದೆ. ಕೆಲಸ ಊರ ಬಡಗಿಗೆ ಸಿಗುತ್ತದೆ. ಹಿಂದೆ ಕಣದ ಅಂಚಿನಲ್ಲಿ ಆಯಕ್ಕೆ ಕಾಯುತ್ತಿದ್ದವರ ಮೊಮ್ಮಗನಿಗೆ ಈ ಸಲ ನೆಲ ಮಾಡಿದ್ದಕ್ಕೆ ಕೂಲಿ ಸಲ್ಲುತ್ತದೆ, ಅವನ ಮಗಳಿಗೆ ಅದೇ ನೆಲದ ಮೇಲೆ ಸರದಿಯೂ ಸಿಗಬೇಕು.

ಈ ವರ್ಷ ನಿಮ್ಮೂರಿನಲ್ಲಿ ಪಂದ್ಯಾವಳಿಯ ಸಭೆ ಸೇರಿದಾಗ ಈ ಒಂದು ಸಾಲಿನ ಮಾತು ಎತ್ತಿ ನೋಡಿ. ಹಲಗೆಗಳನ್ನು ಎಲ್ಲಿ ಇಡುವುದು, ಬೀಗದ ಕೈ ಯಾರ ಬಳಿ ಇರುವುದು ಎಂಬುದನ್ನೂ ಅದೇ ಸಭೆಯಲ್ಲಿ ಬರೆದಿಡಿ.